ಮಿಕ್ಸಿಯ ಮೇಲೆ ಹಾಕಿದ ತಪ್ಪು

ವ್ಯಾಟ್ ಲೆಕ್ಕ ನೋಡಿ ಕಂಪ್ಯೂಟರ್ ಕೊಂಡವನು ಎಂದು ಹೊಂಗಡಹಳ್ಳದಿಂದ ಸಕಲೇಶಪುರದವರೆಗೆ ಬಹಳ ಜನ ನನ್ನನ್ನು ಗೇಲಿ ಮಾಡಿದ್ದಾರೆ. ಅದಕ್ಕಾಗಿ ನಾನು ಇಂದಿಗೂ ತಲೆ ತಗ್ಗಿಸುವವನಲ್ಲ. ತಗ್ಗಿಸಬೇಕಾದದ್ದು ಬೇರೆ ಇದೆ. ಮೊದಲ ಸಲ ನಾನು ವ್ಯಾಟ್ ನೋಡಿರಲಿಲ್ಲ. ಆ ತಪ್ಪನ್ನು ಪಕ್ಕದ ಮನೆಯ ಹೆಂಗಸಿನ ಮೇಲೆ ಹೊರಿಸಿ ಎರಡು ತಿಂಗಳು ಸುಮ್ಮನಿದ್ದೆ. ಇದೇನು ಮಹಾ ಪಾಪ ಎನ್ನುವವರು ಕಾಫಿ ಕೊಯ್ದು ದಣಿದ ಕೈಯಲ್ಲಿ ಒಂದು ಸಂಜೆ ಒರಳು ತಿರುಗಿಸಿ ನೋಡಲಿ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಎಸ್ಟೇಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಆಮೇಲೆ ಹಳ್ಳಗಳಿಗೆ ಸಣ್ಣ ಟರ್ಬೈನ್ ಕೂರಿಸಿಕೊಡುವ ಕೆಲಸ ಹಿಡಿದೆ. ನಮ್ಮ ಮೂರು ಮನೆಗಳ ಕಡೆಗೆ ಕರೆಂಟು ಕಂಬ ಬಂದಿರಲಿಲ್ಲ. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರು ಇಳಿಸಿ ನಾನೇ ಕೂರಿಸಿದ ಟರ್ಬೈನು ಮೂರೂ ಮನೆಗೆ ಬೆಳಕು ಕೊಡುತ್ತಿತ್ತು. ಮಳೆಗಾಲದಲ್ಲಿ ಐನೂರು ವ್ಯಾಟ್, ದೀಪಾವಳಿ ಕಳೆದರೆ ಮುನ್ನೂರು, ಸಂಕ್ರಾಂತಿ ದಾಟಿದರೆ ಅದೂ ಇಲ್ಲ. ಹಾಗಾಗಿ ನಮ್ಮಲ್ಲೊಂದು ಕಟ್ಟಳೆ ಇತ್ತು. ಮಿಕ್ಸಿ ಹಾಕುವವರು ಮೊದಲು ಅಂಗಳದ ತಂತಿಗೆ ಕೆಂಪು ಬಟ್ಟೆ ನೇತುಹಾಕಬೇಕು. ಅದನ್ನು ಕಂಡ ಉಳಿದ ಮನೆಯವರು ಎಲ್ಲ ಆರಿಸಿ ಕೂರಬೇಕು. ಬಟ್ಟೆ ಕಟ್ಟದೆ ಮಿಕ್ಸಿ ಹಾಕುವುದೆಂದರೆ ಊಟದ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಕೈ ಹಾಕಿದ ಹಾಗೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು. ನನ್ನ ತಂಗಿಗೆ ಚಿಕ್ಕಂದಿನಿಂದ ಸೊಂಟ ಸರಿಯಿಲ್ಲ, ಹೆಚ್ಚು ನಡೆಯಲಾರಳು. ಆದರೆ ಟೈಪಿಂಗ್ ಪಾಸು ಮಾಡಿದ್ದಳು. ಸಕಲೇಶಪುರದ ಪ್ರೆಸ್ಸಿನವರೊಬ್ಬರು ಅವಳಿಗೊಂದು ಪರೀಕ್ಷೆ ಇಟ್ಟರು. ನಿವೃತ್ತ ಮೇಷ್ಟರೊಬ್ಬರು ಗುಡ್ಡದ ಗಿಡಮೂಲಿಕೆಗಳ ಬಗ್ಗೆ ಕೈಯಲ್ಲಿ ಬರೆದ ಇನ್ನೂರು ಪುಟದ ಪುಸ್ತಕ ಅದು. ಸಂಕ್ರಾಂತಿಯೊಳಗೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕೊಟ್ಟರೆ ಪ್ರೆಸ್ಸಿನ ಕನ್ನಡ ಕೆಲಸವೆಲ್ಲ ಅವಳಿಗೇ. ಇಲ್ಲದಿದ್ದರೆ ಹಾಸನದವರಿಗೆ. ಮನೆಯಲ್ಲಿ ಕೂತೇ ದುಡಿಯುವ ಇಂಥ ದಾರಿ ಅವಳಿಗೆ ಇನ್ನೊಂದು ಸಿಗುವಂತಿರಲಿಲ್ಲ.

ಕಂಪ್ಯೂಟರ್ ತರಲು ಹಾಸನಕ್ಕೆ ಹೋದೆ. ಅಂಗಡಿಯವನು ಒಳ್ಳೆಯ ಮನುಷ್ಯ, ಮೊದಲು ಕೇಳಿದ್ದೇ ನಿಮ್ಮ ಕಡೆ ಕರೆಂಟು ಹೇಗೆ ಎಂದು. ಟರ್ಬೈನ್ ಕಟ್ಟಿದವನಿಗೆ ಆ ಮಾತು ಚುಚ್ಚಿತು. ನಿಮ್ಮ ಪೇಟೆಗಿಂತ ಚೆನ್ನಾಗಿದೆ ಎಂದೆ. ಅಂಗಡಿಯಲ್ಲಿದ್ದುದರಲ್ಲಿ ಅತ್ಯಂತ ವೇಗದ ಪ್ರೊಸೆಸರನ್ನೇ ಕೇಳಿ, ಅದಕ್ಕೊಪ್ಪುವ ದೊಡ್ಡ ಮದರ್‌ಬೋರ್ಡ್ ಹಾಕಿಸಿದೆ. ಅದರ ತಲೆಯ ಮೇಲೆ ಅಂಗೈಯಗಲದ ಫ್ಯಾನು. ಅದರ ಸದ್ದು ಕೇಳಿದರೇ ನನಗೆ ಹೆಮ್ಮೆ.

ಮಳೆಗಾಲವಿಡೀ ಸರಿಯಾಗಿ ನಡೆಯಿತು. ದೀಪಾವಳಿ ಆದಮೇಲೆ ಕಂಪ್ಯೂಟರು ನಡುನಡುವೆ ಸತ್ತು ಮತ್ತೆ ಏಳತೊಡಗಿತು. ಜೊತೆಗೆ ತಂದಿದ್ದ ಸಣ್ಣ ಯುಪಿಎಸ್ಸು ಕೀಚುಕೀಚು ಕೂಗಿ ಹದಿನೈದು ದಿನದಲ್ಲಿ ಮಲಗಿತು. ಮುಕ್ಕಾಲು ಪುಟ ಜೋಡಿಸಿರುತ್ತಿದ್ದಳು, ಪರದೆ ಕಪ್ಪಾಗುತ್ತಿತ್ತು. ತಂಗಿ ಅಳುವವಳಲ್ಲ. ಕೈ ಕಟ್ಟಿಕೊಂಡು ಆ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಅದನ್ನು ನೋಡುವುದು ಇನ್ನೂ ಕಷ್ಟ.

ಮೀಟರ್ ಸಿಕ್ಕಿಸಿ ನೋಡಿದೆ. ಭಾರದ ಕೆಲಸ ಕೊಟ್ಟಾಗ ಪರದೆಯೂ ಸೇರಿ ಇನ್ನೂರು ವ್ಯಾಟ್ ದಾಟುತ್ತಿತ್ತು. ಪ್ರೊಸೆಸರ್ ಒಂದೇ ಎಪ್ಪತ್ತರ ಹತ್ತಿರ ತಿನ್ನುತ್ತದೆಂದು ಅದರ ಪುಸ್ತಿಕೆಯಲ್ಲೇ ಬರೆದಿತ್ತು. ನಾನು ಓದಿರಲಿಲ್ಲ ಅಷ್ಟೆ. ಮೂರನೆಯ ಮನೆಯ ಅಜ್ಜ ಹಗಲೆಲ್ಲ ಟಿವಿ ಹಾಕಿಕೊಂಡಿರುತ್ತಿದ್ದರು. ಎರಡೂ ಕೂಡಿದರೆ ಟರ್ಬೈನು ಸೋಲುತ್ತಿತ್ತು. ಮೀಟರಿನ ಮುಳ್ಳು ನನ್ನ ಕಡೆಗೇ ಬೆರಳು ಮಾಡಿದ ಹಾಗಿತ್ತು.

ಏನಣ್ಣ ಆಗಿದೆ ಎಂದು ತಂಗಿ ಕೇಳಿದಳು. ನನ್ನ ಬಾಯಿಂದ ಹೊರಟದ್ದು ಇದು: "ಪಕ್ಕದ್ಮನೆ ಅಕ್ಕ ಬಟ್ಟೆ ಕಟ್ಟದೆ ಮಿಕ್ಸಿ ಹಾಕ್ತಾವಳೆ ಕಣೆ."

ಪಕ್ಕದ ಮನೆಯ ಅಕ್ಕ ಗಂಡನಿಲ್ಲದ ಹೆಂಗಸು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು. ಆ ಸಣ್ಣ ಮಿಕ್ಸಿ ಅವಳು ಸ್ವಂತ ದುಡಿಮೆಯಲ್ಲಿ ಕೊಂಡ ಮೊದಲ ವಸ್ತು. ತಂಗಿ ಕಿಟಕಿಯಿಂದಲೇ ಅವಳನ್ನು ಕೇಳಿಬಿಟ್ಟಳು. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು. ಮಿಕ್ಸಿಯನ್ನು ಅಟ್ಟಕ್ಕೆ ಹಾಕಿ ಒರಳಿಗೆ ಕೂತಳು. ಎರಡು ಮನೆಯ ನಡುವಿನ ಮಾತು ನಿಂತಿತು. ಕಂಪ್ಯೂಟರು ಸಾಯುವುದು ಮಾತ್ರ ನಿಲ್ಲಲಿಲ್ಲ. ಆಗೆಲ್ಲ ನಾನು ಹಳ್ಳದ ಪೈಪಿಗೆ ಎಲೆ ಸಿಕ್ಕಿಕೊಂಡಿದೆ ಎನ್ನುತ್ತಿದ್ದೆ.

ಡಿಸೆಂಬರ್ ಮುಗಿಯುತ್ತ ಬಂದಾಗ ಎಪ್ಪತ್ತು ಪುಟ ಬಾಕಿ ಇತ್ತು. ಕಂಪ್ಯೂಟರ್ ಪೆಟ್ಟಿಗೆಯನ್ನು ಹೊತ್ತು ಹಾಸನಕ್ಕೆ ಹೋದೆ. ಈ ಸಲ ವೇಗ ಕೇಳಲಿಲ್ಲ. ಎಷ್ಟು ವ್ಯಾಟ್ ತಿನ್ನುತ್ತದೆ ಎಂದಷ್ಟೇ ಕೇಳಿದೆ. ಅಂಗಡಿಯವನು ಬೆಂಗಳೂರಿನಿಂದ ತರಿಸಿದ್ದ ಒಂದು ಬೋರ್ಡ್ ತೋರಿಸಿದ. ಅಂಗೈ ಎರಡು ಸೇರಿಸಿದಷ್ಟು ಅಗಲ, ಪ್ರೊಸೆಸರ್ ಅದಕ್ಕೇ ಬೆಸುಗೆ, ಬಿಸಿ ಇಳಿಸಲು ಮೇಲೊಂದು ಅಲ್ಯೂಮಿನಿಯಂ ಹಲ್ಲುಗಳ ತಟ್ಟೆ, ಫ್ಯಾನಿಲ್ಲ. ಯಾರೋ ಬೇಡವೆಂದು ಬಿಟ್ಟುಹೋದದ್ದಂತೆ. ಹಳೆಯದನ್ನು ಕೊಟ್ಟು ಅದನ್ನೂ ಒಂದು ಚಪ್ಪಟೆ ಪರದೆಯನ್ನೂ ತಂದೆ. ಅಳೆದರೆ ಎರಡೂ ಸೇರಿ ಐವತ್ತು ವ್ಯಾಟ್. ಒಂದು ಲಾರಿ ಬ್ಯಾಟರಿ, ಸಣ್ಣ ಇನ್ವರ್ಟರ್ ಜೋಡಿಸಿದೆ. ಇನ್ನು ಟರ್ಬೈನು ನಿಂತರೂ ಜೋಡಿಸಿದ ಪುಟ ಅಳಿಯುವಂತಿರಲಿಲ್ಲ.

ವಿಷಯ ಪ್ರೆಸ್ಸಿಗೂ ಮುಟ್ಟಿತು. ಪ್ರೆಸ್ಸಿನವರು ಪೇಟೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು: "ಫ್ಯಾನೇ ಇಲ್ವಂತಲ್ಲೋ. ಅದು ಕಂಪ್ಯೂಟರ್ರೋ, ರೇಡಿಯೋನೋ ಮಾರಾಯ?"

"ಕನ್ನಡ ಅಕ್ಷರ ಜೋಡ್ಸಕ್ಕೆ ಓಡೋ ಕುದುರೆ ಬ್ಯಾಡ ಸಾರ್. ನಿಂತ್ಕೊಳ್ಳೋ ಎಮ್ಮೆ ಸಾಕು," ಎಂದೆ. ಅವರು ನಕ್ಕರು. ಇವತ್ತೂ ಅದೇ ಮಾತು ಹೇಳುತ್ತೇನೆ.

ಆದರೆ ಮನೆಯಲ್ಲಿ ಆದದ್ದು ಬೇರೆ. ನಾಲ್ಕು ದಿನ ಒಂದೇ ಒಂದು ಸಲವೂ ಕಂಪ್ಯೂಟರ್ ಸಾಯದೆ, ಕರೆಂಟು ಸೋತಿತೆಂದು ಇನ್ವರ್ಟರೂ ಕೂಗದೆ ಇದ್ದಾಗ ತಂಗಿ ಹೇಳಿದಳು, ನೋಡಣ್ಣ, ಆ ಅಕ್ಕ ಕದ್ದುಮುಚ್ಚಿ ಮಿಕ್ಸಿ ಹಾಕುವುದನ್ನೂ ಈಗ ಬಿಟ್ಟಿರಬೇಕು ಎಂದು. ನನ್ನ ಹೊಸ ಬೋರ್ಡು ನನ್ನ ಹಳೆಯ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು. ಪೇಟೆಯವರಿಗೆ ಎದೆ ಕೊಟ್ಟು ಉತ್ತರ ಕೊಟ್ಟವನಿಗೆ ಇಪ್ಪತ್ತು ಹೆಜ್ಜೆ ನಡೆದು ಪಕ್ಕದ ಅಂಗಳಕ್ಕೆ ಹೋಗಲು ಇನ್ನೂ ಎರಡು ದಿನ ಬೇಕಾಯಿತು.

ಅಕ್ಕ ಕೆಲಸದಿಂದ ಬಂದು ಒರಳಿನ ಮುಂದೆ ಕೂತಿದ್ದಳು. ಬಲ ಭುಜಕ್ಕೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದಳು. ಎಡಗೈಯಲ್ಲಿ ಗುಂಡು ತಿರುಗಿಸುತ್ತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ, ಪ್ರೊಸೆಸರು, ಮೀಟರು, ಸುಳ್ಳು. ಗುಂಡು ನಿಲ್ಲಲಿಲ್ಲ.

"ನಂಗೊತ್ತಿತ್ತು ಕಣೋ," ಎಂದಳು. "ನಾನು ತೋಟದಾಗೆ ಇದ್ದಾಗ್ಲೂ ನಿಮ್ಮ ಕಂಪ್ಯೂಟರ್ ನಿಂತೋಗ್ತಿತ್ತಂತೆ, ಅಜ್ಜ ಹೇಳ್ತು. ಬೀಗ ಹಾಕಿದ ಮನೇಲಿ ಮಿಕ್ಸಿ ತಾನೇ ತಿರುಗ್ತದಾ?"

"ಮತ್ತೆ ಯಾಕಕ್ಕ ಬಾಯಿ ಬಿಡ್ಲಿಲ್ಲ?"

"ಬಟ್ಟೆ ಕಟ್ಟಿದೋಳು ನಾನು. ಸಾಕ್ಷಿ ತರೋ ಕೆಲ್ಸಾನೂ ನಂದೇನಾ? ನಂಗೇನ್ ಹೇಳ್ತಿ, ಹೋಗಿ ಅವಳಿಗೆ ಹೇಳು."

ತಂಗಿಗೆ ಹೇಳಿದೆ. ಅವಳು ನನ್ನತ್ತ ತಿರುಗಲಿಲ್ಲ. ಜೋಡಿಸುತ್ತಿದ್ದ ಪುಟ ಮುಗಿಸಿದಳು. ಆಮೇಲೆ ಗೋಡೆ ಹಿಡಿದು ಎದ್ದು, ನನ್ನ ಕೈ ಬೇಡವೆಂದು ಸರಿಸಿ, ಆ ಇಪ್ಪತ್ತು ಹೆಜ್ಜೆಯನ್ನು ತಾನೇ ನಡೆದಳು. ಅಲ್ಲೇನು ಮಾತಾಯಿತೋ ನನಗೆ ಹೇಳಿದವರಿಲ್ಲ, ನಾನೂ ಕೇಳಲಿಲ್ಲ. ಸಂಜೆ ನಾನೇ ಅಟ್ಟ ಹತ್ತಿ ಮಿಕ್ಸಿ ಇಳಿಸಿಕೊಟ್ಟೆ.

ಮರುದಿನ ಮಿಕ್ಸಿ ತಿರುಗಿತು. ಇತ್ತ ತಂಗಿ ಬ್ಯಾಟರಿಯ ಮೇಲೆ ನೆಲ್ಲಿಕಾಯಿಯ ಪುಟ ಜೋಡಿಸುತ್ತಲೇ ಇದ್ದಳು. ಸಂಕ್ರಾಂತಿಗೆ ಮೂರು ದಿನ ಮುಂಚೆ ಸಿ.ಡಿ. ಹಿಡಿದು ನಾನು ಬಸ್ಸು ಹತ್ತಿದೆ. ಪ್ರೆಸ್ಸಿನ ಕೆಲಸ ಅವಳಿಗೇ ಸಿಕ್ಕಿತು. ಎಮ್ಮೆ ಆರು ವರ್ಷ ದುಡಿಯಿತು.

ಇನ್ನು ನಮಗಾಗಿ ಬಟ್ಟೆ ಕಟ್ಟಬೇಕಾಗಿಲ್ಲ ಎಂದು ಅಕ್ಕನಿಗೆ ನಾನು ಹೇಳಿದ್ದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬ ಬಂದು ದೊಡ್ಡ ಕರೆಂಟು ಹರಿಯುವವರೆಗೂ, ಮಿಕ್ಸಿ ಹಾಕುವ ಮುನ್ನ ಆ ಕೆಂಪು ಬಟ್ಟೆಯನ್ನು ನನಗೆ ಕಾಣುವ ಕಡೆಗೇ ಕಟ್ಟುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನಾನು ಎದ್ದು ಹೋಗಿ ನಮ್ಮ ಮನೆಯ ದೀಪ ಆರಿಸುತ್ತಿದ್ದೆ.