ಸುನ್ನಿವಾ ಹತ್ತೂವರೆ ಮೈಲಿ ಓಡಿದ ದಿನ

ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಡಲ ತೋಳು ನಮ್ಮ ಫ್ಯೋರ್ಡು; ಅದರ ದಡದ ಊರುಗಳಿಗೆ ಹಿಟ್ಟು, ಸಿಮೆಂಟು, ಉಪ್ಪುಮೀನು ಹೊರುತ್ತಿದ್ದ ಉಗಿಹಡಗು ಸುನ್ನಿವಾ. ಅದರ ಎಂಜಿನ್ ಕೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷ ಅನ್ಫಿನ್ ಸ್ಕೋರ್ಪೆನ್ನನದೇ ರಾಜ್ಯ. ಮೇಲೆ ಚುಕ್ಕಾಣಿ ನನ್ನದು. ನಮ್ಮಿಬ್ಬರ ನಡುವೆ ಒಂದು ಹಿತ್ತಾಳೆಯ ಕೊಳವೆ. ಬೈಗುಳ, ಹವಾಮಾನ, ಊಟದ ಸುದ್ದಿ ಎಲ್ಲ ಅದರಲ್ಲೇ.

೧೯೩೯ರ ಶರತ್ಕಾಲದಲ್ಲಿ, ಯುದ್ಧ ಶುರುವಾದಾಗ, ನೌಕಾಪಡೆ ಹಡಗನ್ನು ಕಾವಲಿಗೆ ತೆಗೆದುಕೊಂಡಿತು. ಮೈಗೆ ಬೂದು ಬಣ್ಣ ಬಂತು, ಮೂತಿಯ ಮೇಲೆ ಅನ್ಫಿನ್‌ಗಿಂತ ಹಳೆಯದೊಂದು ಫಿರಂಗಿ ಬಂದು ಕೂತಿತು. ನನ್ನನ್ನು ಉಳಿಸಿಕೊಂಡರು. ಅನ್ಫಿನ್‌ಗೆ ಆಗಲೇ ಐವತ್ತೊಂಬತ್ತು. ಮನೆಗೆ ಹೋಗಬಹುದು ಎಂದರು. ಆತ ಯಾರ ಮುಖವನ್ನೂ ನೋಡದೆ ಇಳಿದುಹೋದ.

ಹೊಸ ಎಂಜಿನಿಯರ್ ಜಾಣನೇ. ಆದರೆ ಹಿಮ್ಮುಖದ ಸನ್ನೆಕೋಲನ್ನು ಎಳೆಯುವ ಮೊದಲು ಮಂಡಿಯಿಂದ ಒಮ್ಮೆ ಒತ್ತಬೇಕೆಂದು ಯಾವ ಪುಸ್ತಕದಲ್ಲಿ ಬರೆದಿತ್ತು? ಹಿಂದಕ್ಕೆ ಎಂದು ನಾವು ಗಂಟೆ ಹೊಡೆದರೆ ಹಡಗು ಮುಂದಕ್ಕೇ ನುಗ್ಗಿ ಹಡಗು ನಿಲ್ಲುವ ಧಕ್ಕೆಯ ಎರಡು ಕಂಬ ಮುರಿಯಿತು. ನಮ್ಮ ಹೊಸ ಕಪ್ತಾನ ಲೆಫ್ಟಿನೆಂಟ್ ಬ್ರೆಕ್ಕೆಗೆ ಇನ್ನೂ ಇಪ್ಪತ್ತಾರು. ಆತ ಮರುದಿನವೇ ನನ್ನನ್ನು ಜತೆಗೆ ಕರೆದುಕೊಂಡು ದಿಬ್ಬ ಹತ್ತಿ ಅನ್ಫಿನ್ ಮನೆಗೆ ಹೋದ. ಬಾಗಿಲಲ್ಲಿ ಸಿಕ್ಕಿದವಳು ಹೆಂಡತಿ ಬೋರ್ಗ್ನಿ.

"ಕರ್ಕೊಂಡು ಹೋಗಪ್ಪ," ಎಂದಳು. "ಹತ್ತು ದಿನದಿಂದ ನನ್ನ ಒಲೇನ ಬಿಚ್ಚಿ ಬಿಚ್ಚಿ ಜೋಡಿಸ್ತಾ ಇದಾರೆ."

ಮರುವರ್ಷ ಏಪ್ರಿಲ್‌ನಲ್ಲಿ ಜರ್ಮನರು ದಂಡೆತ್ತಿ ಬಂದರು. ತಿಂಗಳ ಕೊನೆಗೆ ಪಡುವಣದ ಮಿತ್ರರ ದ್ವೀಪ ಶೆಟ್ಲೆಂಡಿಗೆ ಹೊರಡಿ ಎಂದು ನಮಗೆ ಅಪ್ಪಣೆಯಾಯಿತು. ಫ್ಯೋರ್ಡಿನ ಬಾಯಿಗೆ ಇನ್ನೂ ಐದು ಮೈಲಿ ಇದ್ದಾಗ ಹಿಂದೆ ಜರ್ಮನರ ಕಾವಲು ಹಡಗು ಕಾಣಿಸಿತು. ಅದರ ಓಟ ಗಂಟೆಗೆ ಹನ್ನೆರಡು ಮೈಲಿ, ನಮ್ಮದು ಒಂಬತ್ತು. ಮೊದಲ ಗುಂಡು ನಮ್ಮ ಹಿಂದೆ ನೀರನ್ನು ಕಂಬದಂತೆ ಎಬ್ಬಿಸಿತು.

ಎಡಕ್ಕೆ ಬಂಡೆಗಳ ನಡುವೆ ಒಂದು ಕಿರಿದಾದ ಕಾಲುವೆಯಿದೆ, ಸೀದಾ ಕಡಲಿಗೆ ಬಾಯಿ ತೆರೆಯುತ್ತದೆ, ಎಂದೆ ನಾನು. ನೀರು ಇಳಿಯುತ್ತಿತ್ತು, ಅರ್ಧ ಗಂಟೆಯೊಳಗೆ ಸೇರಿದರೆ ನಾವು ದಾಟುತ್ತೇವೆ, ಸರಕಿಲ್ಲದೆ ನಮ್ಮ ಹಡಗಿನ ಹೊಟ್ಟೆ ಖಾಲಿ. ಆ ಭಾರದ ಹಡಗು ದಾಟಲಾರದು. ಬ್ರೆಕ್ಕೆ ಕೊಳವೆಗೆ ಬಾಯಿಟ್ಟ.

"ಅನ್ಫಿನ್ನೋರೇ, ಹತ್ತು ಮೈಲಿ ಬೇಕು."

"ಒಂಬತ್ತರ ಮೇಲೆ ಇವಳು ಹುಟ್ಟಿದಾಗಿನಿಂದ ಹೋಗಿಲ್ಲ ಸ್ವಾಮಿ."

"ಇವತ್ತು ಹೋಗ್ದಿದ್ರೆ ಇನ್ಯಾವತ್ತೂ ಹೋಗಲ್ಲ."

ಕೆಳಗೆ ಕುಲುಮೆಯ ಬಾಗಿಲು ಧಡ್ಡೆಂದು ತೆರೆದ ಸದ್ದು ಕೊಳವೆಯಲ್ಲಿ ಕೇಳಿತು. ಆಮೇಲೆ, "ಮೇಲೆ ಉಳಿದಿರೋ ಆ ಮೀನೆಣ್ಣೆ ಪೀಪಾಯಿ ಇದ್ಯಲ್ಲ, ಕೆಳಗಿಳಿಸಿ. ಮೂರೂ."

ಗೋಣಿಚೀಲಗಳನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ ಕುಲುಮೆಗೆ ಎಸೆದರಂತೆ. ಮೀನು ಕರಿದ ವಾಸನೆ ಹೊತ್ತ ಕಪ್ಪು ಹೊಗೆ ಇಡೀ ಫ್ಯೋರ್ಡನ್ನು ತುಂಬಿತು. ಹಡಗು ಅಡಿಯಿಂದ ಮುಡಿಯವರೆಗೆ ನಡುಗತೊಡಗಿತು, ಅಡುಗೆಮನೆಯ ಲೋಟಗಳು ಉದುರಿದವು. ವೇಗ ಅಳೆಯುತ್ತಿದ್ದವನು ಒಂಬತ್ತೂವರೆ ಎಂದ, ಹತ್ತು ಎಂದ, ಹತ್ತೂವರೆ ಎಂದ. ಭಯ ಎಲ್ಲಿ ಹೋಯಿತೋ, ಚುಕ್ಕಾಣಿ ಹಿಡಿದು ನಾನು ನಗುತ್ತಿದ್ದೆ. ಕಾಲುವೆಯ ನಡುವೆ ತಳ ಬಂಡೆಗೆ ಉಜ್ಜಿತು, ಕರ್ರೆಂದಿತು, ಮುಂದಕ್ಕೆ ಜಾರಿತು. ಎದುರಿಗೆ ತೆರೆದ ಕಡಲು.

ತಿರುಗಿ ನೋಡಿದರೆ ಜರ್ಮನ್ ಹಡಗು ಬಂಡೆಯ ಮೇಲೆ ವಾಲಿ ಕೂತಿತ್ತು.

ಚುಕ್ಕಾಣಿಯನ್ನು ಇನ್ನೊಬ್ಬನಿಗೆ ಕೊಟ್ಟು ನಾನು ಕೆಳಗಿಳಿದು ಹೋದೆ. ಹುಬ್ಬು ಸುಟ್ಟುಕೊಂಡ ಅನ್ಫಿನ್ ಬಕೆಟ್ ಮಗುಚಿ ಅದರ ಮೇಲೆ ಕೂತಿದ್ದ.

"ಎಷ್ಟು ಹೋದ್ಲು?"

"ಹತ್ತೂವರೆ."

"ಬಾಯ್ಬಿಡಬೇಡ ಮಾರಾಯ. ಗೊತ್ತಾದ್ರೆ ನಾಳೆಯಿಂದ ದಿನಾ ಕೇಳ್ತಾರೆ."

ಮರುದಿನ ಶೆಟ್ಲೆಂಡ್ ತಲುಪಿದೆವು. ಐದು ವರ್ಷ ಅಲ್ಲೇ ಯುದ್ಧನೌಕೆಗಳಿಗೆ ಕಲ್ಲಿದ್ದಲು ಹೊತ್ತೆವು. ಜರ್ಮನರ ಹಿಡಿತದಲ್ಲಿದ್ದ ಊರಿಗೆ ಒಂದು ಕಾಗದವೂ ಹೋಗಲಿಲ್ಲ. ಬೋರ್ಗ್ನಿ ಗಂಡ ಸತ್ತನೆಂದೇ ತಿಳಿದಿದ್ದಳು. ೧೯೪೫ರ ಜೂನ್‌ನಲ್ಲಿ ಸುನ್ನಿವಾ ಊರಿನ ಧಕ್ಕೆಗೆ ಬಂದಾಗ ಎಲ್ಲರೂ ಮೇಲೆ ಬಂದೆವು, ಅನ್ಫಿನ್ ಬರಲಿಲ್ಲ; ಉಗಿ ಇಳಿಯುವ ತನಕ ಎಂಜಿನ್ ಬಿಡುವವನಲ್ಲ ಆತ. ಆತ ಕೆಳಗೇ ಇದ್ದಾನೆ ಎಂದು ನಾನು ಹೇಳಿದ್ದೇ ತಡ, ಧಕ್ಕೆಯಲ್ಲಿ ನಿಂತಿದ್ದ ಬೋರ್ಗ್ನಿ ಕಾಯಲಿಲ್ಲ. ಇಗರ್ಜಿಗೆ ಉಡುವ ಉಡುಪಿನಲ್ಲೇ ಆ ಕಡಿದಾದ ಕಬ್ಬಿಣದ ಏಣಿ ಇಳಿದುಹೋದಳು. ನಾವೆಲ್ಲ ಹಗ್ಗ ಕಟ್ಟುವ ನೆವದಲ್ಲಿ ಮೇಲೆಯೇ ಉಳಿದೆವು.