ಅರ್ಧಕ್ಕೆ ನಿಂತ ಪಾಠ

ವನ್ಯಧಾಮಕ್ಕೆ ಇಂಟರ್ನ್‌ಶಿಪ್ ಅಂತ ಬರುವ ಕಾಲೇಜು ಹುಡುಗ ಹುಡುಗಿಯರಿಗೆಲ್ಲ ಅವಳು ಅಕ್ಕ. ದುರ್ಬೀನು ಹಿಡಿಯುವುದು, ಹಕ್ಕಿ ಎಣಿಸುವುದು, ನೋಡಲು ಬಂದ ಶಾಲೆ ಮಕ್ಕಳ ಮುಂದೆ ನಿಂತು ಮಾತಾಡುವುದು, ಎಲ್ಲವನ್ನೂ ಹದಿನೆಂಟು ವರ್ಷದಿಂದ ಅವಳೇ ಕಲಿಸುತ್ತಿದ್ದಳು. ಮೊದಲ ದಿನ ತಪ್ಪದೆ ಒಂದು ಮಾತು ಹೇಳುವಳು: "ಹಕ್ಕಿ ಆಮೇಲೆ ನೋಡಿದ್ರಾಯ್ತು. ಮೊದಲು ಶೌಚಾಲಯದ ಬೀಗದಕೈ ಎಲ್ಲಿರುತ್ತೆ ಅಂತ ತಿಳ್ಕೊಳ್ಳಿ. ಮಕ್ಕಳು ಬಸ್ಸಿಳಿದ ಕೂಡಲೇ ಕೇಳೋದು ಅದನ್ನೇ."

ಆ ವರ್ಷವೂ ಹೇಳಿದಳು. ಬಂದಿದ್ದ ಐವರೂ ಬಿದ್ದು ಬಿದ್ದು ನಕ್ಕರು. ಅವಳ ಮುಖ ಮಾತ್ರ ಒರೆಸಿಟ್ಟ ಹಲಗೆಯ ಹಾಗಿತ್ತು. ಗಂಡ ತೀರಿಕೊಂಡು ಮೂರು ವಾರವಾಗಿತ್ತು. ಅಲ್ಲಿನ ಕೆರೆಯಲ್ಲೇ ದೋಣಿ ನಡೆಸುತ್ತಿದ್ದವನು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಅವಳು ಅಳಲಿಲ್ಲ. "ಒಂದ್ಸಲ ಅತ್ತುಬಿಡಕ್ಕ, ಎದೆ ಹಗುರಾಗುತ್ತೆ" ಅಂತ ತಂಗಿ ಅಂಗಲಾಚಿದಳು. ಭಾರವಾಗಿದ್ದರೆ ತಾನೆ ಹಗುರಾಗುವುದು? ಎದೆ ಅಂತ ಒಂದು ಇದೆ ಅನ್ನುವುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಐವರಲ್ಲಿ ಒಬ್ಬಳಿಗೆ ಉಳಿದವರು ಪಿಸುಮಾತು ಅಂತಲೇ ಹೆಸರಿಟ್ಟಿದ್ದರು. ಹಕ್ಕಿ ಎಣಿಕೆಯಲ್ಲಿ ಎತ್ತಿದ ಕೈ. ನಾಲ್ಕು ಜನರೆದುರು ನಿಂತರೆ ಮಾತ್ರ ದನಿ ಪಿಸುಗುಟ್ಟುವುದಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಅಕ್ಕ, ನನ್ನನ್ನ ಮಕ್ಕಳ ಮುಂದೆ ಮಾತ್ರ ನಿಲ್ಲಿಸಬೇಡಿ."

"ಆಯ್ತು" ಅಂದಳು ಅಕ್ಕ. ಹಿಂದಿನ ವರ್ಷವಾಗಿದ್ದರೆ ಅಷ್ಟು ಸಲೀಸಾಗಿ ಬಿಡುತ್ತಿರಲಿಲ್ಲ.

ಒಂದು ಮಂಗಳವಾರ ನಲವತ್ತು ಮಕ್ಕಳು ಬಂದರು. ಕೆರೆಯ ಅಂಚಿನ ಮರದ ಅಟ್ಟದ ಮೇಲೆ ಅಕ್ಕ ಶುರುಮಾಡಿದಳು. "ಇದು ಹೆಜ್ಜಾರ್ಲೆ, ಅಂದ್ರೆ ಪೆಲಿಕನ್. ಕೊಕ್ಕಿನ ಕೆಳಗೆ ಚೀಲ ಇದೆ ನೋಡಿ. ಮೀನು ಸಿಕ್ಕಿದ ಕೂಡಲೇ ಮೊದಲು..."

ಅಲ್ಲಿಗೇ ನಿಂತಳು. ಸಾವಿರ ಸಲ ಹೇಳಿದ ಪಾಠ. ಆ ಗಳಿಗೆಯಲ್ಲಿ ದೋಣಿ ಕಣ್ಣಿಗೆ ಬಿದ್ದಿರಲಿಲ್ಲ, ಗಂಡನ ನೆನಪೂ ಬಂದಿರಲಿಲ್ಲ. ಸುಮ್ಮನೆ, ಮಾತು ಮುಗಿದುಹೋಗಿತ್ತು.

"ಮೊದಲು ಏನು ಮಿಸ್?" ಅಂದಿತು ಒಂದು ಮಗು. ಕಿಸಿಕಿಸಿ ನಗು ಎದ್ದಿತು. ಟೀಚರು ಕೆಮ್ಮಿದರು. ಇಂಟರ್ನ್‌ಗಳು ಮುಖ ಮುಖ ನೋಡಿಕೊಂಡರು.

"ಮೊದಲು... ಚೀಲದಲ್ಲಿರೋ ನೀರನ್ನೆಲ್ಲ ಹೊರಗೆ ಚೆಲ್ಲುತ್ತೆ" ಅಂದದ್ದು ಪಿಸುಮಾತು.

"ಕೇಳಿಸ್ತಿಲ್ಲ!" ಹಿಂದಿನ ಸಾಲಿನಿಂದ ಕೂಗು.

"ನಂಗೆ ಇಷ್ಟೇ ಬರೋದು" ಎಂದಳು ಹುಡುಗಿ, ಅಳುವಂತಾಗಿ. "ಹತ್ತಿರ ಬನ್ನಿ."

ಮಕ್ಕಳು ಬಂದರು. ಕೇಳಬೇಕಾದರೆ ಉಸಿರು ಬಿಗಿಹಿಡಿಯಬೇಕಿತ್ತು, ಹಿಡಿದರು. ಇಪ್ಪತ್ತು ನಿಮಿಷ ಯಾರೂ ಪಿಟ್ಟೆನ್ನಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕೂತು, ಯಾರದೋ ಮನೆಯ ರೇಡಿಯೋ ಕೇಳುವವಳ ಹಾಗೆ ಕೇಳಿದಳು.

ಬಸ್ಸು ಹೋದ ಮೇಲೆ ಹುಡುಗಿ ಹತ್ತಿರ ಬಂದಳು. "ನಿಮ್ಮ ಬಾಯಿಂದ ಪಾಠ ಕಿತ್ಕೊಂಡ ಹಾಗಾಯ್ತು. ಸಿಟ್ಟು ಬಂತಾ ಅಕ್ಕ?"

"ಇಲ್ಲ ಕಣಮ್ಮ. ಬಂದಿದ್ರೆ ಚೆನ್ನಾಗಿರ್ತಿತ್ತು."

ಹುಡುಗಿ ಪಕ್ಕದಲ್ಲಿ ಕೂತಳು, ಅಷ್ಟೆ.

ಮಾರನೆಯ ದಿನದಿಂದ ಮಕ್ಕಳ ಪಾಠವೆಲ್ಲ ಅವಳದಾಯಿತು, ಅಕ್ಕ ಎಣಿಕೆಯ ಪುಸ್ತಕ ಹಿಡಿದಳು. ಎರಡು ತಿಂಗಳು ಮುಗಿದಾಗ ಹುಡುಗಿಯ ಬಗೆಗಿನ ವರದಿಯಲ್ಲಿ 'ಧ್ವನಿ' ಎಂಬ ಅಂಕಣದಲ್ಲಿ ಅಕ್ಕ ಬರೆದದ್ದು ಇಷ್ಟೇ: ಸಣ್ಣದು, ಸಾಕಾಗುತ್ತದೆ.

ಮುಂದಿನ ತಂಡ ಬರುವ ಹೊತ್ತಿಗೆ ಅಕ್ಕ ಮತ್ತೆ ಮಕ್ಕಳೆದುರು ನಿಂತಳು. ಪಾಠ ಕೊನೆಮುಟ್ಟಿತು. ಅದರಿಂದ ಸಂತೋಷವೇನೂ ಆಗಲಿಲ್ಲ. ಆದರೆ ಆ ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಡಬ್ಬಿ ಬಿಚ್ಚಿ, ತಲೆ ಎತ್ತದೆ, ತಳ ಕಾಣುವವರೆಗೂ ಉಂಡಳು.