ತಮ್ಮ ಮನೆಗೆ ತಾವೇ ನೆಂಟರು

ಏಡನ್ ಬಂದರಿನಲ್ಲಿ ಗುಮಾಸ್ತರಾಗಿದ್ದ ಅರಂತೋಡಿನ ಮಾಯಿಲಪ್ಪ ಗೌಡರು ರಜೆಯಲ್ಲಿ ಊರಿಗೆ ಬಂದರೆ ತಮ್ಮ ಮನೆಗೆ ತಾವೇ ನೆಂಟರು. ಊರಲ್ಲಿ ಸ್ವಂತ ಮನೆಯಿಟ್ಟುಕೊಂಡು ಬಂದುಹೋಗುವವನ ಪರದೇಶದ ಸಂಬಳಕ್ಕೂ ಆದಾಯ ತೆರಿಗೆ ಬೀಳುತ್ತದೆಂದು ಪುತ್ತೂರಿನ ವಕೀಲರೊಬ್ಬರು ಹೆದರಿಸಿದಂದಿನಿಂದ ಈ ವೇಷ. ಜಗಲಿಯ ಕೆಳಗೆ ನಿಂತು ಕೆಮ್ಮುತ್ತಿದ್ದರು. ಹೆಂಡತಿ ಶೀಲಾವತಿ ಬೆಲ್ಲ-ನೀರು ಕೊಟ್ಟು “ಬನ್ನಿ” ಎಂದ ಮೇಲೆಯೇ ಹತ್ತುತ್ತಿದ್ದರು. ಮಲಗುವುದೂ ಚಾವಡಿಯಲ್ಲಿ, ನೆಂಟರ ಚಾಪೆಯ ಮೇಲೆ. ಆಳು “ಧನಿಗಳೇ” ಎಂದರೆ, “ಮೆಲ್ಲ ಮಾರಾಯ, ನಾನು ಎಂತ ಧನಿ?” ಎಂದು, ತೆರಿಗೆಯವರು ಅಲ್ಲೇ ಅಡಗಿರುವಂತೆ ಬೇಲಿಯತ್ತ ನೋಡುತ್ತಿದ್ದರು. ಸಾರಿನಲ್ಲಿ ಕೋಳಿ ಇಲ್ಲದಿದ್ದರೆ ಮಾತ್ರ ಯಜಮಾನನ ಸ್ವರ ಹೊರಡುತ್ತಿತ್ತು. ಹದಿನೈದು ವರ್ಷದ ಮೇಲೆ ಕೆಲಸ ಬಿಟ್ಟು ಬಂದು, “ಇನ್ನು ನಾನು ಹೋಗುದಿಲ್ಲ” ಎಂದಾಗ ಶೀಲಾವತಿ ಬೆಲ್ಲ-ನೀರು ಕೆಳಗಿಟ್ಟು ಕೇಳಿದಳು: “ಹಾಗಾದ್ರೆ ಬೇರೆ ನೆಂಟರು ಬಂದ್ರೆ ಎಲ್ಲಿ ಮಲಗಿಸುದು?”